‘ಲಾರ್ಡ್’ ಬಗ್ಗೆ ಬರೆದಿದ್ದೀರಿ, ಬ್ರೆಡ್ಡನ್ನೇ ಬಿಟ್ಟಿದ್ದೀರಿ

ನಮಸ್ಕಾರ. ‘ಲಾರ್ಡ್’ ಪದದ ಹುಟ್ಟಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ, ಒಳ್ಳೆಯ ವಿಷಯ ಹಿಡಿದಿದ್ದೀರಿ.

ಮೊದಲರ್ಧ ಪೂರ್ತಿ ಕಾರ್ನ್‌ವಾಲಿಸ್, ಕರ್ಜನ್ ಅಂತಲೇ ಹೋಗಿದೆ. ಅದು ಓದುಗರಿಗೆ ಗೊತ್ತಿರುವುದೇ, ಅಲ್ವಾ? ಆಮೇಲೆ ಈ ಪದ ಸಂಸ್ಕೃತದಿಂದ ಹೋಗಿರಬಹುದು ಅಂತ ಒಂದು ಪ್ಯಾರಾ ಇದೆ. ಅದನ್ನು ತೆಗೆದುಹಾಕಿ. ಎರಡು ಪದ ಕಿವಿಗೆ ಒಂದೇ ಥರ ಕೇಳಿಸಿದರೆ ಸಾಲದು, ಅವುಗಳ ಹಳೆಯ ರೂಪ ಏನಿತ್ತು ಅಂತ ನೋಡಬೇಕು.

ಹಳೆಯ ಇಂಗ್ಲಿಷಿನಲ್ಲಿ ಇದು ‘ಹ್ಲಾಫೋರ್ಡ್’, ಅದಕ್ಕೂ ಹಿಂದೆ ‘ಹ್ಲಾಫ್‌ವೇರ್ಡ್’. ಹ್ಲಾಫ್ ಅಂದರೆ ಬ್ರೆಡ್, ಇವತ್ತಿನ ‘ಲೋಫ್’. ವೇರ್ಡ್ ಅಂದರೆ ಕಾಯುವವನು. ‘ಲೇಡಿ’ಯ ಮೊದಲ ಭಾಗವೂ ಇದೇ ಹ್ಲಾಫ್, ಎರಡನೆಯದು ಹಿಟ್ಟು ನಾದುವುದಕ್ಕೆ ಸಂಬಂಧಪಟ್ಟದ್ದು. ಒಬ್ಬ ಬ್ರೆಡ್ ಕಾಯುವವನು, ಒಬ್ಬಳು ಅದರ ಹಿಟ್ಟು ನಾದುವವಳು! ಇಷ್ಟು ಚೆಂದದ ಸಂಗತಿಯನ್ನು ನೀವು ಕೊನೆಯಲ್ಲಿ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ನನಗೆ ನಿಜವಾಗಿ ಬೇಜಾರಾಗಿದ್ದು ಇಲ್ಲೇ.

ನಿಮ್ಮ ಲೇಖನ ಶುರುವಾಗಬೇಕಾದದ್ದು ಮೂರನೆಯವನಿಂದ. ಅವನು ‘ಹ್ಲಾಫ್‌ಏಟ’, ಅಂದರೆ ಬ್ರೆಡ್ ತಿನ್ನುವವನು. ಇಂಗ್ಲೆಂಡಿನ ಆಗ್ನೇಯ ಭಾಗದ ಕೆಂಟ್‌ನ ದೊರೆ ಏಥೆಲ್‌ಬರ್ಟ್ 600ರ ಆಸುಪಾಸಿನಲ್ಲಿ ಮಾಡಿಸಿದ ಕಟ್ಟಳೆಗಳಲ್ಲಿ ಅವನು ಬರುತ್ತಾನೆ; ಇಂಗ್ಲಿಷಿನಲ್ಲಿ ಉಳಿದಿರುವ ಕಾನೂನುಗಳಲ್ಲಿ ಇವೇ ಅತಿ ಹಳೆಯವು, ನಮಗೆ ಸಿಕ್ಕಿರುವುದು ರೋಚೆಸ್ಟರ್‌ನಲ್ಲಿ 12ನೇ ಶತಮಾನದಲ್ಲಿ ಮಾಡಿದ ಪ್ರತಿ. ಒಬ್ಬ ರೈತನ ಹ್ಲಾಫ್‌ಏಟನನ್ನು ಕೊಂದರೆ 6 ಶಿಲ್ಲಿಂಗ್ ಪರಿಹಾರ ಕೊಡಬೇಕು ಅನ್ನುತ್ತದೆ ಅಲ್ಲಿನ ಒಂದು ಕಟ್ಟಳೆ. ರೈತನ ಆಳು, ಗಮನಿಸಿ, ದೊರೆಯ ಆಳಲ್ಲ! ಸಾಧಾರಣ ರೈತನ ಮನೆಯಲ್ಲೂ ಅವನ ಬ್ರೆಡ್ ತಿಂದು ದುಡಿಯುವವರು ಇದ್ದರು. ಪದವಿ, ಬಿರುದು ಎಲ್ಲ ಆಮೇಲಿನ ಮಾತು, ಮೊದಲಿಗೆ ಲಾರ್ಡ್ ಅಂದರೆ ಅನ್ನ ಹಾಕುವ ಮನೆ ಯಜಮಾನ.

ಕನ್ನಡದ ಓದುಗರಿಗೆ ಇದು ಥಟ್ಟನೆ ಹತ್ತಿರವಾಗುತ್ತದೆ. ಹಳಗನ್ನಡದ ‘ಜೋಳವಾಳಿ’ ನೆನಪಿಸಿಕೊಳ್ಳಿ, ಒಡೆಯನ ಜೋಳ ತಿಂದ ಋಣಕ್ಕೆ ಪ್ರಾಣ ಕೊಡುವ ನಿಷ್ಠೆ ಅದು. ಎರಡು ಪದಗಳಿಗೂ ನಂಟಿಲ್ಲ, ನಂಟು ಕಟ್ಟಲು ಹೋಗಬೇಡಿ. ಸುಮ್ನೆ ಪಕ್ಕದಲ್ಲಿಡಿ.

ಕೊನೆಯ ‘ಭಾಷೆ ಹರಿಯುವ ನದಿ’ ಪ್ಯಾರಾ ಬೇಡ. ಜಾಗ ಉಳಿದರೆ ಆಗಸ್ಟ್ 1ರ ಲ್ಯಾಮಸ್ ಹಬ್ಬದ ಬಗ್ಗೆ ಬರೆಯಿರಿ. ಹೊಸ ಗೋಧಿಯ ಬ್ರೆಡ್ ಚರ್ಚಿಗೆ ಒಯ್ಯುತ್ತಿದ್ದ ಆ ದಿನದ ಹೆಸರಲ್ಲೂ ಇದೇ ಹ್ಲಾಫ್ ಅಡಗಿದೆ. 800 ಪದ ಮೀರಬೇಡಿ. ತಿದ್ದಿ ನನಗೇ ಕಳಿಸಿ.