ಮುಂದಿನ ಆಕ್ಸಲ್ ಬದಲಾವಣೆ: ವೆಲ್ಡಿಂಗ್‌ಗೆ ಮುಂಚೆ ಗಾಡಿ ತನ್ನ ಭಾರದ ಮೇಲೆ ನಿಲ್ಲಲಿ

ಪ್ರಶ್ನೆ: ನನ್ನದು 2014ರ ಮಹೀಂದ್ರಾ ಥಾರ್ ಸಿಆರ್‌ಡಿಇ (ಡೀಸೆಲ್ ಜೀಪು). ನಮ್ಮ ಹೊಲಕ್ಕೆ ಹೊಂದಿಕೊಂಡೇ ನಮ್ಮದೊಂದು ಹಳೆಯ ಕಲ್ಲಿನ ಕ್ವಾರಿ ಇದೆ. ರಜೆಯಲ್ಲಿ ಗೆಳೆಯರೆಲ್ಲ ಅಲ್ಲಿ ಗಾಡಿ ಹತ್ತಿಸಿ ಇಳಿಸುತ್ತೇವೆ. ಮುಂದಿನ ಒಂದು ಚಕ್ರ ಎದ್ದು ಗಾಳಿಯಲ್ಲೇ ತಿರುಗುತ್ತದೆ. ಗುಜರಿಯಲ್ಲಿ ಹಳೆಯ ಜೀಪಿನ ಗಟ್ಟಿ ಆಕ್ಸಲ್ (ಎರಡೂ ಚಕ್ರ ಒಂದೇ ದಂಡಕ್ಕೆ ಕೂಡಿರುವಂಥದ್ದು) ಸಿಕ್ಕಿದೆ. ಹುಬ್ಬಳ್ಳಿಯ ವೆಲ್ಡರ್ ಎರಡು ದಿನದ ಕೆಲಸ ಎನ್ನುತ್ತಾರೆ. ನನಗಿದು ಮೊದಲ ಸಲ, ಎಲ್ಲಿಂದ ಶುರು ಮಾಡಲಿ?
— ಓದುಗರು, ಗದಗ

ಉತ್ತರ: ಆಕ್ಸಲ್ ಕೂಡಿಸಲು ಎರಡು ದಿನ ಸಾಕಾದೀತು. ಸ್ಟೇರಿಂಗ್ ಸರಿಮಾಡಲು ವಾರಗಳು ಬೇಕು, ಜೀವ ಉಳಿಸುವ ಕೆಲಸವೂ ಅದೇ.

ಮೊದಲು ಇದು ನಿಮಗೆ ಬೇಕೇ ನೋಡಿ. ನಿಮ್ಮ ಗಾಡಿಯ ಮುಂದಿನ ಚಕ್ರಗಳು ಟಾರ್ಷನ್ ಬಾರ್ (ಸ್ಪ್ರಿಂಗ್‌ನಂತೆ ತಿರುಚುವ ಉಕ್ಕಿನ ಸರಳು) ಮೇಲೆ ಒಂದೊಂದಾಗಿ ಆಡುತ್ತವೆ. ಗಟ್ಟಿ ಆಕ್ಸಲ್‌ನಲ್ಲಿ ಒಂದು ಚಕ್ರ ಮೇಲೇರಿದರೆ ಇನ್ನೊಂದು ಕೆಳಕ್ಕೆ ಒತ್ತುತ್ತದೆ. ಕಲ್ಲಿನ ಮೇಲೆ ಇದು ದೊಡ್ಡ ಲಾಭ. ಆದರೆ ಗದಗ, ನವಲಗುಂದ ಕಡೆಯ ಎರೆ ಹೊಲದಲ್ಲಿ ಮಳೆ ಬಿದ್ದ ಮೇಲೆ ಇದೇ ಆಕ್ಸಲ್ ಕುಂಟೆಯ ಹಾಗೆ ಮಣ್ಣು ಎಳೆಯುತ್ತದೆ. ಡಿಫರೆನ್ಶಿಯಲ್‌ನ (ಎರಡೂ ಚಕ್ರಕ್ಕೆ ಬಲ ಹಂಚುವ ಗೇರ್‌ಗಳ) ದಪ್ಪ ಭಾಗ ಚಕ್ರಗಳ ನಡುವೆ ತೂಗುತ್ತಿರುತ್ತದೆ. ಸ್ಪ್ರಿಂಗ್ ಎಷ್ಟೇ ಎತ್ತರಿಸಿ, ಅದು ಮೇಲೇರುವುದಿಲ್ಲ, ದೊಡ್ಡ ಟೈರ್ ಹಾಕಿದರಷ್ಟೇ ಏರುತ್ತದೆ. ನಾನಾಗಿದ್ದರೆ ಮೊದಲು ಒಳ್ಳೆಯ ಡಿಫರೆನ್ಶಿಯಲ್ ಲಾಕರ್ (ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಸಾಧನ) ಹಾಕಿ ಒಂದು ವರ್ಷ ಓಡಿಸಿ ನೋಡುತ್ತಿದ್ದೆ.

ಆದರೂ ಆಕ್ಸಲ್ ಹಾಕುವುದೇ ಎಂದಾದರೆ ಗುಜರಿಯಲ್ಲೇ ರೇಷಿಯೋ (ಚಕ್ರ ಒಂದು ಸುತ್ತಿದರೆ ಶಾಫ್ಟ್ ಎಷ್ಟು ಸುತ್ತುತ್ತದೆ ಎಂಬುದು) ಎಣಿಸಿ. ಒಂದು ಬದಿಯ ಹಬ್ (ಚಕ್ರ ಕೂರುವ ಭಾಗ) ಗಟ್ಟಿಯಾಗಿ ಹಿಡಿಸಿ, ಪಿನಿಯನ್ ಫ್ಲ್ಯಾಂಜ್‌ಗೆ (ಶಾಫ್ಟ್ ಕೂಡುವ ತಟ್ಟೆಗೆ) ಸೀಮೆಸುಣ್ಣದ ಗುರುತು ಹಾಕಿ, ಇನ್ನೊಂದು ಹಬ್ ಸರಿಯಾಗಿ ಇಪ್ಪತ್ತು ಸುತ್ತು ತಿರುಗಿಸಿ. ಫ್ಲ್ಯಾಂಜ್ ಸುತ್ತಿದ್ದನ್ನು ಹತ್ತರಿಂದ ಭಾಗಿಸಿದರೆ ರೇಷಿಯೋ ಸಿಗುತ್ತದೆ. ಲಾಕರ್ ಇಲ್ಲದ ಆಕ್ಸಲ್‌ಗೆ ಮಾತ್ರ ಈ ಲೆಕ್ಕ. ಈ ರೇಷಿಯೋ ಹಿಂದಿನ ಆಕ್ಸಲ್‌ಗೆ ಹೊಂದಲೇಬೇಕು. ಹೊಂದದಿದ್ದರೆ ಫೋರ್ ವೀಲ್ ಹಾಕಿದಾಗ ಮುಂದೊಂದು ವೇಗ, ಹಿಂದೊಂದು ವೇಗ ಬೇಡಿ ಒಳಗೇ ಹುರಿಗಟ್ಟಿ ಗೇರ್ ಅಥವಾ ಜಾಯಿಂಟ್ ಮುರಿಯುತ್ತದೆ. ಡಿಫರೆನ್ಶಿಯಲ್ ಯಾವ ಬದಿಗೆ ಸರಿದಿದೆ, ಟ್ರಾನ್ಸ್‌ಫರ್ ಕೇಸ್‌ನ (ಮುಂದಿನ ಹಿಂದಿನ ಆಕ್ಸಲ್‌ಗೆ ಬಲ ಹಂಚುವ ಪೆಟ್ಟಿಗೆಯ) ಮುಂದಿನ ಫ್ಲ್ಯಾಂಜ್ ಯಾವ ಬದಿಗಿದೆ ಎಂಬುದೂ ಹೊಂದಬೇಕು.

ನಿಮ್ಮ ರ್‍ಯಾಕ್ ಅಂಡ್ ಪಿನಿಯನ್ ಸ್ಟೇರಿಂಗ್ ಇನ್ನು ನಡೆಯುವುದಿಲ್ಲ. ಚಾಸಿಗೆ ಬೋಲ್ಟ್ ಮಾಡುವ ಸ್ಟೇರಿಂಗ್ ಬಾಕ್ಸ್ ಬೇಕು. ಅಲ್ಲಿಂದ ಬರುವ ಡ್ರ್ಯಾಗ್ ಲಿಂಕ್ (ಚಕ್ರ ಹೊರಳಿಸುವ ಸರಳು) ಗಾಡಿ ನೆಲದ ಮೇಲೆ ನಿಂತಾಗ ಆದಷ್ಟು ಮಟ್ಟಸವಾಗಿರಲಿ. ಹೆಚ್ಚು ಓರೆಯಾದರೆ ಗುಂಡಿ ಬಿದ್ದಾಗಲೆಲ್ಲ ಗಾಡಿ ತಾನಾಗೇ ಪಕ್ಕಕ್ಕೆ ಎಳೆಯುತ್ತದೆ.

ಕ್ಯಾಸ್ಟರ್ (ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿದ ಓರೆ) ಐದಾರು ಡಿಗ್ರಿ ಇರಲಿ. ಕಡಿಮೆಯಾದರೆ, ಜೊತೆಗೆ ಎಲ್ಲೋ ಒಂದು ಬುಷ್ ಸಡಿಲವಿದ್ದರೆ, ಅರವತ್ತರ ವೇಗದಲ್ಲಿ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವ ಹಾಗೆ ಅದುರುತ್ತದೆ. ಕ್ಯಾಸ್ಟರ್‌ಗಾಗಿ ಹೌಸಿಂಗ್ (ಆಕ್ಸಲ್‌ನ ಹೊರಕವಚ) ಹಿಂದಕ್ಕೆ ತಿರುಗಿಸಿದಷ್ಟೂ ಪಿನಿಯನ್ ಮೂತಿ ಕೆಳಗಾಗಿ ಶಾಫ್ಟ್ ಜಾಯಿಂಟ್ ಓರೆಯಾಗುತ್ತದೆ. ಎರಡನ್ನೂ ಒಟ್ಟಿಗೆ ನೋಡಿ. ಮೊದಲ ಸಲಕ್ಕೆ ಬ್ಲೇಡ್ ಸೆಟ್ಟೇ (ಪಟ್ಟಿ ಸ್ಪ್ರಿಂಗ್) ಒಳ್ಳೆಯದು, ತಪ್ಪಾದರೂ ಓರೆ ಶಿಮ್ (ನಡುವೆ ಇಡುವ ಓರೆ ಲೋಹದ ತುಂಡು) ಹಾಕಿ ತಿದ್ದಬಹುದು.

ಒಮ್ಮೆ ನಾನು ಗಾಡಿ ಸ್ಟ್ಯಾಂಡ್ ಮೇಲಿರುವಾಗ, ಆಕ್ಸಲ್ ಜೋತು ಬಿದ್ದಾಗಲೇ ಶಾಫ್ಟ್ ಅಳತೆ ತೆಗೆದು ಲೇಥಿಗೆ ಕೊಟ್ಟಿದ್ದೆ. ಚಕ್ರ ನೆಲಕ್ಕೆ ತಾಗಿದಾಗ ಸ್ಲಿಪ್ ಜಾಯಿಂಟ್ (ಶಾಫ್ಟ್‌ನ ಉದ್ದ ಹಿಗ್ಗಿ ಕುಗ್ಗುವ ಜಾರು ಭಾಗ) ಪೂರ್ತಿ ಒಳಹೋಗಿ ಟ್ರಾನ್ಸ್‌ಫರ್ ಕೇಸ್‌ಗೆ ಗುದ್ದಿತು. ಅದಕ್ಕೇ ಹೇಳುತ್ತೇನೆ: ಬ್ರ್ಯಾಕೆಟ್‌ಗಳಿಗೆ ಬರೀ ಚುಕ್ಕಿ ವೆಲ್ಡ್ ಹಾಕಿ ಗಾಡಿಯನ್ನು ಮೆಲ್ಲನೆ ನಾಲ್ಕೂ ಟೈರ್ ಮೇಲೆ ಇಳಿಸಿ. ಎಂಜಿನ್, ಬಂಪರ್, ವಿಂಚ್ ಎಲ್ಲ ಜಾಗದಲ್ಲಿರಲಿ. ಆಗ ಅಳೆಯಿರಿ. ಆಮೇಲೆ ಜ್ಯಾಕ್‌ನಿಂದ ಆಕ್ಸಲ್ ಪೂರ್ತಿ ಮೇಲೆ ಒತ್ತಿಸಿ, ಕೆಳಗೆ ಇಳಿಬಿಟ್ಟು ಇನ್ನೊಮ್ಮೆ ನೋಡಿ: ಶಾಫ್ಟ್, ಬ್ರೇಕ್ ಹೋಸ್, ಎಣ್ಣೆ ಸಂಪ್ ಎಲ್ಲೂ ತಾಗಬಾರದು. ಎಲ್ಲ ಸರಿಯಿದ್ದರಷ್ಟೇ ಪೂರ್ತಿ ವೆಲ್ಡ್. ಅದನ್ನೂ ಸ್ವಲ್ಪ ಸ್ವಲ್ಪವಾಗಿ, ಬದಿ ಬದಲಿಸುತ್ತ ಹಾಕಿಸಿ, ಬಿಸಿಗೆ ಹೌಸಿಂಗ್ ಟ್ಯೂಬ್ ಬಾಗುತ್ತದೆ.

ಕಾನೂನಿನ ಮಾತು ಮುಚ್ಚಿಡಲಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಬದಲಾವಣೆಗೆ ಅಡ್ಡಿ. ಸುಪ್ರೀಂ ಕೋರ್ಟ್ ಕೂಡ 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಕೆಲಸ ಮಾಡಿಸಿದ ಗಾಡಿ ನಿಮ್ಮ ಕ್ವಾರಿಯೊಳಗೇ ಇರಲಿ, ಹೊರಗೆ ಒಯ್ಯುವುದಿದ್ದರೆ ಟ್ರೇಲರ್ ಮೇಲೆ ಒಯ್ಯಿರಿ. ಕಪ್ಪತಗುಡ್ಡಕ್ಕಂತೂ ಬೇಡವೇ ಬೇಡ, ಅದು ವನ್ಯಜೀವಿ ಧಾಮ.

ಬ್ಲೇಡ್ ಸೆಟ್‌ನ ಯು ಬೋಲ್ಟ್‌ಗಳು ಹೊಸವೇ ಇರಲಿ. ಒಮ್ಮೆ ಬಿಗಿದವು ಎಳೆದು ಸಣ್ಣಗಾಗಿರುತ್ತವೆ. ಮೊದಲ ದಿನ ಓಡಿಸಿ ಬಂದ ಮೇಲೆ, ಮಣ್ಣು ತೊಳೆದು, ಅವನ್ನು ಟಾರ್ಕ್ ರೆಂಚ್‌ನಿಂದ ಮತ್ತೆ ಬಿಗಿಯಿರಿ.