ಅಮ್ಮನ ಮಂಡಿ ಆಪರೇಷನ್ ಆಗಿದೆ, ನೋವಿಗೆ ಟ್ರಾಮಡಾಲ್ ಬರೆದಿದ್ದಾರೆ. ಜೊತೆಗೆ ಡೋಲೋ ಕೊಡಬಹುದಾ?

ಮೊದಲು ಸ್ಟ್ರಿಪ್ ತಿರುಗಿಸಿ ಓದಿ. ಎಷ್ಟೋ ಸಲ ಅದು ಬರೀ ಟ್ರಾಮಡಾಲ್ ಆಗಿರುವುದಿಲ್ಲ, 37.5 ಮಿ.ಗ್ರಾಂ ಟ್ರಾಮಡಾಲ್, 325 ಮಿ.ಗ್ರಾಂ ಪ್ಯಾರಸಿಟಮಾಲ್ ಸೇರಿದ ಮಾತ್ರೆ. ಅದರ ಮೇಲೆ ಡೋಲೋ 650 ಕೊಟ್ಟರೆ ಪ್ಯಾರಸಿಟಮಾಲ್ ಎರಡು ಕಡೆಯಿಂದ ಹೊಟ್ಟೆ ಸೇರುತ್ತದೆ. ಗಟ್ಟಿಮುಟ್ಟಾದ ದೊಡ್ಡವರಿಗೇ ದಿನಕ್ಕೆ 4 ಗ್ರಾಂ ಗಡಿ. ತೂಕ ಕಡಿಮೆ ಇರುವ ವಯಸ್ಸಾದವರಿಗೆ, ಲಿವರ್ ತೊಂದರೆ ಇರುವವರಿಗೆ ಇನ್ನೂ ಕಡಿಮೆ. ಹಾಗಾಗಿ ಡಾಕ್ಟರನ್ನು ಕೇಳದೆ ಬೇಡ.

ನಮ್ಮ ಡೊಂಬಿವಲಿ ಮನೆಯಲ್ಲಿ ಅತ್ತೆಗೆ ಇದೇ ಮಾತ್ರೆ ಇತ್ತು. ಬೆಳಿಗ್ಗೆ ನಾನು ಕೊಟ್ಟು ಲೋಕಲ್ ಹಿಡಿಯಲು ಓಡಿದೆ, ಹತ್ತು ಗಂಟೆಗೆ ಮಾವ ಮತ್ತೊಂದು ಕೊಟ್ಟರು! ಅಂದಿನಿಂದ ಅಡುಗೆಮನೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ, ಆ ದಿನದ ಚೌಕದೊಳಗೇ ಕೊಟ್ಟ ಹೊತ್ತನ್ನು ಪೆನ್ಸಿಲ್ಲಿನಲ್ಲಿ ಬರೆಯತೊಡಗಿದೆವು. ಹಾಲಿನ ಲೆಕ್ಕದ ಪಕ್ಕದಲ್ಲೇ.

ನಿದ್ದೆ ಮಾತ್ರೆ, ಮದ್ಯ ಟ್ರಾಮಡಾಲ್ ಜೊತೆ ಸೇರಲೇಬಾರದು, ಉಸಿರಾಟ ನಿಧಾನವಾಗುತ್ತದೆ. ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಫಿಟ್ಸ್ ಬಂದಿದ್ದರೆ ಮೊದಲೇ ಹೇಳಿ. ಎಬ್ಬಿಸಿದರೂ ಏಳದಷ್ಟು ಮಂಪರು ಕಂಡರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಮೆಡಿಕಲ್‌ನವರು ಚೀಟಿ ಕೇಳಿದರೆ ರೇಗಬೇಡಿ. 2018ರಿಂದ ಟ್ರಾಮಡಾಲ್ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯಡಿ ಇದೆ. ಉಳಿದದ್ದನ್ನು ಸೊಂಟನೋವಿನ ಪಕ್ಕದ ಮನೆ ಕಾಕೂಗೆ ದಾಟಿಸುವ ಉಪಕಾರವೂ ಬೇಡ. ವಾರಗಟ್ಟಲೆ ತೆಗೆದುಕೊಂಡಿದ್ದರೆ ಥಟ್ಟನೆ ನಿಲ್ಲಿಸದೆ, ಡಾಕ್ಟರ್ ಹೇಳಿದಂತೆ ಇಳಿಸಿ.

ಮಲಬದ್ಧತೆ ಆಗುವುದು ಸಾಮಾನ್ಯ. ಅಮ್ಮಂದಿರು ಅದನ್ನು ತಾವಾಗಿ ಹೇಳುವುದಿಲ್ಲ, ನೀವೇ ಕೇಳಿ.