ಡೆಫಿನಿಟಿವ್: ಅಧಿಕೃತವೋ, ಅಂತಿಮವೋ?

ಪ್ರಶ್ನೆ: ಇಂಗ್ಲಿಷಿನಿಂದ ಅನುವಾದವಾದ ಪುಸ್ತಕವೊಂದರ ರಕ್ಷಾಪುಟದಲ್ಲಿ ‘ಡೆಫಿನಿಟಿವ್ ಬಯಾಗ್ರಫಿ’ ಎಂಬುದನ್ನು ‘ಅಧಿಕೃತ ಜೀವನಚರಿತ್ರೆ’ ಎಂದು ಅಚ್ಚು ಮಾಡಿದ್ದಾರೆ. ಇದು ಸರಿಯೇ? ‘ಡೆಫಿನೆಟ್’ ಎಂಬುದಕ್ಕೂ ಇದಕ್ಕೂ ಏನು ವ್ಯತ್ಯಾಸ?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ಸರಿಯಲ್ಲ. ಚರಿತ್ರನಾಯಕರೋ ಅವರ ಮನೆಯವರೋ ಒಪ್ಪಿಗೆಯಿತ್ತು ಬರೆಸಿದ್ದು ಅಧಿಕೃತ ಜೀವನಚರಿತ್ರೆ. ಇಂಗ್ಲಿಷರು ಅದನ್ನು ‘ಆಥರೈಸ್ಡ್’ ಎನ್ನುತ್ತಾರೆ. ಯಾರ ಅಪ್ಪಣೆಯನ್ನೂ ಪಡೆಯದೆ ಬರೆದ ಪುಸ್ತಕವೂ ಸಾಮಗ್ರಿಯ ಪೂರ್ಣತೆಯಿಂದ ಮತ್ತು ವಿವೇಚನೆಯಿಂದ, ಆ ವ್ಯಕ್ತಿಯ ಬಗ್ಗೆ ತಿಳಿಯಬೇಕೆಂದವರೆಲ್ಲ ಮೊದಲು ತೆರೆಯುವ ಗ್ರಂಥವಾದರೆ ಅದೇ ಡೆಫಿನಿಟಿವ್. ಇದಕ್ಕೆ ‘ಪ್ರಮಾಣಭೂತ’ ಎಂಬುದು ತಕ್ಕ ಪದ. ಅಧಿಕಾರ ಹೊರಗಿನಿಂದ ಬರುತ್ತದೆ, ಪ್ರಾಮಾಣ್ಯ ಕೃತಿಯೊಳಗಿನಿಂದಲೇ ಬರಬೇಕು.

ಎರಡೂ ಪದಗಳ ಮೂಲದಲ್ಲಿರುವ ಲ್ಯಾಟಿನ್ನಿನ ‘ಫೀನಿಸ್’ ಎಂಬುದಕ್ಕೆ ಎಲ್ಲೆ, ಕೊನೆ ಎಂಬ ಅರ್ಥಗಳಿವೆ. ಎಲ್ಲೆ ಗೊತ್ತಾಗಿರುವಂಥದು ಡೆಫಿನೆಟ್, ಅಂದರೆ ಖಚಿತ. ಎಲ್ಲೆಯನ್ನು ತಾನೇ ಗೊತ್ತುಮಾಡುವಂಥದು ಡೆಫಿನಿಟಿವ್. (ನಮ್ಮ ಊರಿನಲ್ಲಿ ‘ಡೆಫಿನೆಟ್ಟಾಗಿ ಬರ್ತೀನಿ’ ಎಂದವರು ಎಷ್ಟು ಹೊತ್ತಿಗೆ ಬರುತ್ತಾರೆಂಬುದು ಬೇರೆ ವಿಷಯ.)

ಹಾಗಾದರೆ ‘ಅಂತಿಮ’ ಎನ್ನಬಹುದಲ್ಲವೇ ಎಂದು ಕೇಳುವವರಿದ್ದಾರೆ. ತೀರ್ಪು, ರೋಗನಿರ್ಣಯಗಳ ಮಾತಿನಲ್ಲಿ ಅದು ಹೊಂದುತ್ತದೆ, ಗ್ರಂಥಗಳ ಮಾತಿನಲ್ಲಿ ಹೊಂದುವುದಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಮಾಣಭೂತವೆಂದು ವಿದ್ವಾಂಸರು ಒಪ್ಪಿದ್ದರೂ ಅದು ಅಂತಿಮವಾಗಲಿಲ್ಲ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ಮುಂದೆ ಎಂಟು ಸಂಪುಟಗಳ ಕನ್ನಡ ನಿಘಂಟನ್ನು ಸಿದ್ಧಪಡಿಸಿ 1995ರಲ್ಲಿ ಮುಗಿಸಿತು. ಹಾಗೆಂದು ಕಿಟ್ಟೆಲರನ್ನು ಯಾರೂ ಕಪಾಟಿನಿಂದ ಇಳಿಸಲಿಲ್ಲ.

ಶಾಸ್ತ್ರಗಳಲ್ಲಿ ಈ ಪದದ ದಾರಿಯೇ ಬೇರೆ. ಪರೋಪಜೀವಿಯೊಂದು ಯಾವ ಜೀವಿಯೊಳಗೆ ಲೈಂಗಿಕ ಸಂತಾನೋತ್ಪತ್ತಿ ನಡೆಸುತ್ತದೋ ಆ ಜೀವಿಯನ್ನು ‘ಡೆಫಿನಿಟಿವ್ ಹೋಸ್ಟ್’ ಎನ್ನುತ್ತಾರೆ. ಮಲೇರಿಯಾದ ವಿಷಯದಲ್ಲಿ ಅದು ಅನಾಫಿಲಿಸ್ ಸೊಳ್ಳೆ, ಮನುಷ್ಯನು ಕೇವಲ ಮಧ್ಯಂತರ ಆತಿಥೇಯ. ಇನ್ನು ಅಂಚೆಚೀಟಿ ಸಂಗ್ರಾಹಕರ ನಡುವೆ, ಸ್ಮರಣಾರ್ಥ ಚೀಟಿಗಳಿಗೆ ಎದುರಾಗಿ, ಬೇಡಿಕೆಯಿರುವಷ್ಟು ಕಾಲ ಮತ್ತೆ ಮತ್ತೆ ಮುದ್ರಣವಾಗುವ ನಿತ್ಯಬಳಕೆಯ ಚೀಟಿಗೆ ‘ಡೆಫಿನಿಟಿವ್’ ಎಂದೇ ಹೆಸರು. ಅದನ್ನು ‘ಪ್ರಮಾಣಭೂತ ಅಂಚೆಚೀಟಿ’ ಎಂದು ಅನುವಾದಿಸಿದರೆ ಉಳಿದವೆಲ್ಲ ಖೋಟಾ ಎಂದಂತಾದೀತು. ‘ನಿತ್ಯಬಳಕೆಯ ಚೀಟಿ’ ಎಂದರೆ ಸಾಕು.